ಮೆಡಿಕಲ್ ಇಡೋ ಮುಂಚೆ: ಡಿ.ಫಾರ್ಮಾ ಮುಗಿಸಿದವರಿಗೆ ಕೌಂಟರ್ ಒಳಗಿನಿಂದ ಒಂದಿಷ್ಟು ಕಾನೂನು

ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಮುಗಿಸಿದ ಹುಡುಗರು, ಹುಡುಗಿಯರು ಅರಸೀಕೆರೆಯ ನಮ್ಮ ಅಂಗಡಿಗೆ ಬಂದಾಗ ಮೊದಲು ಕೇಳೋದು ಒಂದೇ: "ಅಕ್ಕಾ, ಲೈಸೆನ್ಸ್ ಮಾಡಿಸೋಕೆ ಎಷ್ಟಾಗುತ್ತೆ?" ನಾನು ತಿರುಗಿ ಕೇಳ್ತೀನಿ, ಯಾವ ಲೈಸೆನ್ಸ್? ಅಲ್ಲಿಗೆ ಮಾತು ನಿಲ್ಲುತ್ತೆ. ಎರಡು ವರ್ಷ ಓದಿ, ಪರೀಕ್ಷೆ ಪಾಸಾಗಿ ಬಂದವರಿಗೂ ಎರಡು ಕಾಗದದ ವ್ಯತ್ಯಾಸ ಗೊತ್ತಿರಲ್ಲ.

ಒಂದು ಕಾಗದ ನಿಮ್ಮ ಹೆಸರಿಗೆ. ಅದು 1948ರ ಫಾರ್ಮಸಿ ಕಾಯ್ದೆಯ ಕೆಳಗೆ ಬರುತ್ತದೆ. ಇನ್ನೊಂದು ಅಂಗಡಿಗೆ. ಅದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರ 1945ರ ನಿಯಮಗಳ ಕೆಳಗೆ. ಗಾಡಿಗೆ ಡಿಎಲ್ ಬೇರೆ, ಆರ್‌ಸಿ ಬೇರೆ ಇದ್ದ ಹಾಗೆ. ಕಚೇರಿಗಳೂ ಬೇರೆ ಬೇರೆ. ದೆಹಲಿಯ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ (ಪಿಸಿಐ) ಪಠ್ಯಕ್ರಮ ಮಾಡುತ್ತದೆ, ಕಾಲೇಜುಗಳಿಗೆ ಮಾನ್ಯತೆ ಕೊಡುತ್ತದೆ. ನಿಮ್ಮ ಹೆಸರು ನೋಂದಾಯಿಸುವುದು ಬೆಂಗಳೂರಿನ ವಿಜಯನಗರದಲ್ಲಿರುವ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್. ಅಂಗಡಿಗೆ ಲೈಸೆನ್ಸ್ ಕೊಡುವುದು ನಿಮ್ಮ ಭಾಗದ ಸಹಾಯಕ ಔಷಧ ನಿಯಂತ್ರಕರು. ಒಬ್ಬರ ಹತ್ತಿರ ಕೇಳಬೇಕಾದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ದಿನ ಕಳೆಯಬೇಡಿ.

ಮೊದಲು ಹೆಸರು

ನೋಂದಣಿಗೆ ಅರ್ಜಿ ಹಾಕೋ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ನೀವು ಓದಿದ ಕಾಲೇಜಿಗೆ ನೀವು ಓದಿದ ವರ್ಷಗಳಲ್ಲಿ ಪಿಸಿಐ ಮಾನ್ಯತೆ ಇತ್ತಾ? ಇಲ್ಲದಿದ್ದರೆ ಕೈಯಲ್ಲಿ ಡಿಪ್ಲೊಮಾ ಇದ್ದರೂ ನೋಂದಣಿ ಆಗಲ್ಲ. ಇದನ್ನು ಸೇರುವ ಮುಂಚೆ ನೋಡಬೇಕು, ಮುಗಿಸಿದ ಮೇಲಲ್ಲ. ಎರಡನೆಯದು ತರಬೇತಿ. ಎರಡು ವರ್ಷದ ಓದಿನ ಜೊತೆ 500 ಗಂಟೆಯ ಪ್ರಾಯೋಗಿಕ ತರಬೇತಿ ಆಗಲೇಬೇಕು. ಸುಮ್ನೆ ಸಹಿ ಹಾಕಿಸಿಕೊಂಡು ಬರುವವರು ಇದ್ದಾರೆ. ಅಂಥವರು ಕೌಂಟರಿಗೆ ನಿಂತ ಮೊದಲ ವಾರದಲ್ಲೇ ಸಿಕ್ಕಿಬೀಳ್ತಾರೆ, ಅದನ್ನು ಕಂಡುಹಿಡಿಯೋಕೆ ಡ್ರಗ್ಸ್ ಇನ್‌ಸ್ಪೆಕ್ಟರೇ ಬರಬೇಕಿಲ್ಲ. 2022ರಲ್ಲಿ ಡಿ.ಫಾರ್ಮಾದವರಿಗೆ ಎಕ್ಸಿಟ್ ಪರೀಕ್ಷೆಯ (ಕೋರ್ಸ್ ಮುಗಿದ ಮೇಲೆ, ನೋಂದಣಿಗೆ ಮುಂಚೆ ಪಾಸಾಗಬೇಕಾದ ಪರೀಕ್ಷೆ) ನಿಯಮವೂ ಬಂತು. ಅದು ನಿಮ್ಮ ಬ್ಯಾಚಿಗೆ ಅನ್ವಯಿಸುತ್ತದಾ ಅಂತ ಕೌನ್ಸಿಲ್‌ನಲ್ಲೇ ವಿಚಾರಿಸಿ, ಸೀನಿಯರ್‌ಗಳ ಮಾತು ನಂಬಿ ಕೂರಬೇಡಿ.

ನಮ್ಮ ಕಡೆ ಜಾಸ್ತಿ ಅರ್ಜಿ ಸಿಕ್ಕಿಹಾಕಿಕೊಳ್ಳೋದು ಇನಿಷಿಯಲ್‌ನಿಂದ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ. ಆಧಾರ್‌ನಲ್ಲಿ ಅದೇ ಎರಡು ಅಕ್ಷರ ಊರಿನ ಹೆಸರು, ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತವೆ. ಮದುವೆ ಆದ ಹೆಣ್ಣುಮಕ್ಕಳಿಗೆ ಇದರ ಮೇಲೆ ಗಂಡನ ಹೆಸರು ಇನ್ನೊಂದು. ಎಲ್ಲ ದಾಖಲೆಯನ್ನೂ ಮೇಜಿನ ಮೇಲೆ ಹರಡಿ ಹೆಸರಿನ ಒಂದೊಂದು ಅಕ್ಷರ ತಾಳೆ ನೋಡಿ. ವ್ಯತ್ಯಾಸ ಇದ್ದರೆ ಮೊದಲೇ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ನೋಂದಣಿ ಒಂದು ಸಲ ಮಾಡಿ ಮರೆಯುವ ಕೆಲಸ ಅಲ್ಲ. ನವೀಕರಣ ತಪ್ಪಿಸಿದರೆ ಹೆಸರು ರಿಜಿಸ್ಟರಿನಿಂದ ಹೋಗುತ್ತದೆ. ಆಮೇಲೆ ಎಷ್ಟು ವರ್ಷದ ಅನುಭವ ಇದ್ದರೂ ಕಾನೂನಿನ ಕಣ್ಣಿಗೆ ನೀವು ಫಾರ್ಮಸಿಸ್ಟ್ ಅಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ನವೀಕರಣಕ್ಕೆ ಐದು ವರ್ಷದಲ್ಲಿ ಕನಿಷ್ಠ ಎರಡು ರಿಫ್ರೆಶರ್ ಕೋರ್ಸಿಗೆ ಹೋಗಿರಬೇಕು. ಊಟಕ್ಕೆ ಅಂತ ಹೋಗುವವರೇ ಜಾಸ್ತಿ, ಆದರೂ ಹೋಗಿ. ಹೊಸ ನಿಯಮ ಬಂದದ್ದು ಎಷ್ಟೋ ಸಲ ಅಲ್ಲೇ ಗೊತ್ತಾಗೋದು. ಬಿಳಿ ಕೋಟು, ಹೆಸರು ಮತ್ತು ನೋಂದಣಿ ಸಂಖ್ಯೆ ಇರುವ ಬ್ಯಾಡ್ಜ್ ಹಾಕಿಕೊಳ್ಳಬೇಕು ಅನ್ನೋದೂ ಅದೇ ನಿಯಮಗಳಲ್ಲಿದೆ. ಏಪ್ರಿಲ್ ಬಿಸಿಲಲ್ಲಿ ಕೋಟು ಹಿಂಸೆಯೇ. ಆದರೆ ಬ್ಯಾಡ್ಜ್ ಹಾಕಿದ ಮೇಲೆ ಜನ ನಮ್ಮ ಹುಡುಗನನ್ನು ಬಿಟ್ಟು ನನ್ನನ್ನು ಕೇಳೋಕೆ ಶುರು ಮಾಡಿದರು.

ಆಮೇಲೆ ಅಂಗಡಿ

ಚಿಲ್ಲರೆ ಮಾರಾಟಕ್ಕೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು. ಹೋಲ್‌ಸೇಲ್ ಕೂಡ ಅಲ್ಲೇ ಮಾಡುವುದಾದರೆ 15. ಮುಂಗಡ ಕೊಡುವ ಮುಂಚೆ ಟೇಪ್ ಹಿಡಿದು ಅಳೆಯಿರಿ, ಮೆಟ್ಟಿಲ ಕೆಳಗಿನ ಜಾಗ ಸೇರಿಸಿ ಲೆಕ್ಕ ಹೇಳುವ ಮಾಲೀಕರು ಇರ್ತಾರೆ. ಅಂಗಡಿಯ ನಕ್ಷೆ, ಬಾಡಿಗೆ ಕರಾರು, ಫ್ರಿಜ್ ಕೊಂಡ ಬಿಲ್, ಫಾರ್ಮಸಿಸ್ಟಿನ ನೋಂದಣಿ ಪತ್ರ ಇಷ್ಟನ್ನು ಮೊದಲು ಜೋಡಿಸಿಕೊಳ್ಳಿ. ಅರ್ಜಿ ಫಾರಂ 19ರಲ್ಲಿ. ಮಾಮೂಲಿ ಮೆಡಿಕಲ್‌ಗೆ ಸಿಗುವುದು ಫಾರಂ 20 ಮತ್ತು 21ರ ಲೈಸೆನ್ಸ್, ಎರಡೂ ಬೇಕು. ಇನ್ಸುಲಿನ್, ಲಸಿಕೆ, ಇಂಜೆಕ್ಷನ್ ಥರದವು 21ರಲ್ಲಿ ಬರುತ್ತವೆ. ಷೆಡ್ಯೂಲ್ ಎಕ್ಸ್ ಅನ್ನೋ ಪಟ್ಟಿಯ, ಕಟ್ಟುನಿಟ್ಟಿನ ನಿಯಂತ್ರಣ ಇರುವ ಔಷಧಿಗೆ 20ಎಫ್ ಅಂತ ಪ್ರತ್ಯೇಕ. ಸಣ್ಣ ಊರಿನ ಅಂಗಡಿಗೆ ಅದು ಬೇಕಾಗುವುದು ಅಪರೂಪ, ಸುಮ್ನೆ ಮೈಮೇಲೆ ಎಳೆದುಕೊಳ್ಳಬೇಡಿ. ಲೈಸೆನ್ಸಿಗೆ ಈಗ ಅವಧಿ ಅಂತ ಇಲ್ಲ, ಆದರೆ ಐದು ವರ್ಷಕ್ಕೊಮ್ಮೆ ಅದನ್ನು ಉಳಿಸಿಕೊಳ್ಳೋಕೆ ರಿಟೆನ್ಷನ್ ಶುಲ್ಕ ಕಟ್ಟಬೇಕು.

"ಕಿರಾಣಿ ಅಂಗಡಿಯಲ್ಲೂ ಪ್ಯಾರಾಸಿಟಮಾಲ್ ಮಾರ್ತಾರಲ್ಲ, ಅವರಿಗೆ ಲೈಸೆನ್ಸ್ ಬೇಡ್ವಾ?" ಅಂತ ಕೇಳ್ತಾರೆ. ಷೆಡ್ಯೂಲ್ ಕೆ ಅಂತ ಒಂದು ಪಟ್ಟಿ ಇದೆ. ಸಾವಿರಕ್ಕಿಂತ ಕಡಿಮೆ ಜನ ಇರುವ ಹಳ್ಳಿಯಲ್ಲಿ ಕೆಲವು ಮನೆಮಟ್ಟದ ಔಷಧಿಗಳಿಗೆ ಅದರಲ್ಲಿ ವಿನಾಯಿತಿ ಇದೆ. ತಾಲ್ಲೂಕು ಕೇಂದ್ರದ ಕಿರಾಣಿ ಅಂಗಡಿಗೆ ಇಲ್ಲ.

ಸರ್ಟಿಫಿಕೇಟ್ ಬಾಡಿಗೆ

ಈ ಬರಹ ಶುರು ಮಾಡಿದ್ದೇ ಇದನ್ನು ಹೇಳೋಕೆ. ನೋಂದಣಿ ಕೈಗೆ ಬಂದ ಕೂಡಲೇ ಯಾರಾದರೂ ಬಂದೇ ಬರ್ತಾರೆ. "ನಿನ್ನ ಸರ್ಟಿಫಿಕೇಟ್ ಗೋಡೆಗೆ ಹಾಕ್ತೀವಿ, ನೀನು ಬರೋದೇ ಬೇಡ, ತಿಂಗಳಿಗೆ ಇಷ್ಟು ಕೊಡ್ತೀವಿ" ಅಂತಾರೆ. ನೀವು ಬೆಂಗಳೂರಲ್ಲಿ ಯಾವುದೋ ಕಂಪನಿಯಲ್ಲಿ ಇರ್ತೀರಿ, ದುಡ್ಡು ಖಾತೆಗೆ ಬೀಳುತ್ತೆ. ಎಲ್ಲರೂ ಮಾಡ್ತಾರೆ ಅನ್ನೋ ಮಾತು ಬೇರೆ.

ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ. ಔಷಧ ನಿಯಮ 65 ಕೂಡ ಅದನ್ನೇ ಹೇಳುತ್ತದೆ: ಫಾರ್ಮಸಿಸ್ಟೇ ಕೊಡಬೇಕು, ಇಲ್ಲವೇ ಅವರ ಕಣ್ಣೆದುರಿನ ಮೇಲ್ವಿಚಾರಣೆಯಲ್ಲಿ ಕೊಡಬೇಕು. ಗೋಡೆಯ ಮೇಲಿನ ಸರ್ಟಿಫಿಕೇಟಿನ ಫೋಟೊ ಮೇಲ್ವಿಚಾರಣೆ ಮಾಡಲ್ಲ, ಅಲ್ವಾ? 2022ರ ನವೆಂಬರಿನಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಡಕ್ಕಾಗಿ ಹೇಳಿತು. ನಕಲಿ ಫಾರ್ಮಸಿಸ್ಟ್‌ಗಳಿಂದ ಆಸ್ಪತ್ರೆ, ಔಷಧಾಲಯ ನಡೆಯೋಕೆ ಬಿಡಬಾರದು, ಜನರ ಆರೋಗ್ಯದ ಜೊತೆ ಆಟ ಆಡಬಾರದು ಅನ್ನೋದು ಅದರ ಸಾರ.

ಹುಡುಗರು ಮಾಡುವ ಲೆಕ್ಕ ಹೀಗೆ: ಸಿಕ್ಕಿಬಿದ್ದರೆ ಅಂಗಡಿಯವನ ಲೈಸೆನ್ಸ್ ಹೋಗುತ್ತೆ, ನಂದೇನು? ಅಂಗಡಿಯವನು ಮೂರು ತಿಂಗಳ ನಂತರ ಇನ್ನೊಬ್ಬರ ಹೆಸರಲ್ಲಿ ಮತ್ತೆ ಬಾಗಿಲು ತೆಗೀತಾನೆ. ನಿಮ್ಮ ಹೆಸರು ಮಾತ್ರ ಒಂದೇ. ಫಾರ್ಮಸಿ ಕಾಯ್ದೆಯ 36ನೇ ಸೆಕ್ಷನ್ ಕೆಳಗೆ ಕೌನ್ಸಿಲ್ ನಿಮ್ಮ ಹೆಸರನ್ನೇ ರಿಜಿಸ್ಟರಿನಿಂದ ತೆಗೆಯಬಹುದು. ಆಮೇಲೆ ಸರ್ಕಾರಿ ಫಾರ್ಮಸಿಸ್ಟ್ ಕೆಲಸಕ್ಕೆ ಅರ್ಜಿ ಹಾಕೋಕೂ ಆಗಲ್ಲ. ಅಷ್ಟೇ ಅಲ್ಲ, ಅಲ್ಲಿ ಎಸ್‌ಎಸ್‌ಎಲ್‌ಸಿ ಓದಿದ ಹುಡುಗ ಒಂದೇ ಥರದ ಹೆಸರು ನೋಡಿ ಬೇರೆ ಮಾತ್ರೆ ಕೊಟ್ಟು ಯಾರಿಗಾದರೂ ಹೆಚ್ಚುಕಮ್ಮಿ ಆದರೆ, ಪೊಲೀಸರು ಮೊದಲು ಹುಡುಕೋದು ಗೋಡೆಯ ಮೇಲಿನ ಹೆಸರನ್ನು. ದುಡ್ಡು ಬೇಕಾ? ಅದೇ ಅಂಗಡಿಯಲ್ಲಿ ಕೂತು ಸಂಬಳ ತಗೊಳ್ಳಿ.

ಕೌಂಟರ್ ಮುಂದೆ

ಷೆಡ್ಯೂಲ್ ಎಚ್, ಎಚ್1, ಎಕ್ಸ್ ಪಟ್ಟಿಯ ಔಷಧಿಗೆ ಚೀಟಿ ಇಲ್ಲದೆ ಕೈ ಹಾಕಬೇಡಿ. ಚೀಟಿಯಲ್ಲಿ ವೈದ್ಯರ ಸಹಿ, ತಾರೀಖು, ರೋಗಿಯ ಹೆಸರು, ವಿಳಾಸ, ಎಷ್ಟು ಮತ್ತು ಹೇಗೆ ಅನ್ನೋದು ಇರಬೇಕು. ಹಲ್ಲಿನ ಡಾಕ್ಟರು, ದನದ ಡಾಕ್ಟರು ತಮ್ಮ ತಮ್ಮ ಚಿಕಿತ್ಸೆಗೆ ಬರೆದ ಚೀಟಿಯೂ ನಡೆಯುತ್ತದೆ. ಔಷಧಿ ಕೊಟ್ಟ ಮೇಲೆ ಅಂಗಡಿಯ ಹೆಸರು, ವಿಳಾಸ, ತಾರೀಖಿನ ಸೀಲನ್ನು ವೈದ್ಯರ ಸಹಿಯ ಮೇಲ್ಭಾಗದಲ್ಲಿ ಹಾಕಬೇಕು. ಹಿಂದುಗಡೆಯಲ್ಲ, ಮೂಲೆಯಲ್ಲಲ್ಲ. ಮತ್ತೆ ಕೊಡಿ ಅಂತ ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ. ಸೀಲ್ ಇರೋದು ಅದಕ್ಕೇ.

ಎಚ್1 ಬಂದದ್ದು 2014ರ ಮಾರ್ಚಿನಿಂದ. ಶುರುವಿನಲ್ಲಿ 46 ಔಷಧಿ ಇದ್ದವು: ಮೇಲ್ಮಟ್ಟದ ಆ್ಯಂಟಿಬಯಾಟಿಕ್, ಕ್ಷಯದ ಔಷಧಿ, ಆಲ್ಪ್ರಜೋಲಾಮ್, ಟ್ರಮಡಾಲ್ ಥರದವು. ಲೇಬಲ್ ಮೇಲೆ ಕೆಂಪು ಚೌಕದ ಎಚ್ಚರಿಕೆ, ಕೆಂಪಕ್ಷರದ ಆರ್‌ಎಕ್ಸ್ ಇರುತ್ತದೆ. ಇವಕ್ಕೆ ಬೇರೆ ಪುಸ್ತಕ ಬೇಕು. ಒಂದೊಂದು ಸಾಲಿನಲ್ಲಿ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿರಿ ಅಂತ ಬರೆಯಬೇಕು. ಮೂರು ವರ್ಷ ಇಟ್ಟುಕೊಳ್ಳಬೇಕು. ಕೊಬ್ಬರಿ ಹರಾಜಿನ ದಿನ ಅಂಗಡಿ ಮುಂದೆ ಜನ ತುಂಬಿರ್ತಾರೆ, ಸಂಜೆ ಬರೆಯೋಣ ಅನ್ನಿಸುತ್ತೆ. ಸಂಜೆಗೆ ಯಾರಿಗೆ ಎಷ್ಟು ಅನ್ನೋದು ನೆನಪಿರಲ್ಲ. ನಮ್ಮಲ್ಲಿ ಒಂದು ಪದ್ಧತಿ: ಪುಸ್ತಕದಲ್ಲಿ ಸಾಲು ಬರೆದ ಮೇಲೇ ಸ್ಟ್ರಿಪ್ ಕವರಿಗೆ ಹೋಗೋದು.

ಜಗಳ ಜಾಸ್ತಿ ಆಗೋದು ಬೇರೆ ಕಂಪನಿ ಮಾತ್ರೆ ವಿಷಯಕ್ಕೆ. ಒಬ್ಬರು ಹಿರಿಯರು ಕೇಳಿದ್ರು, "ಏನಮ್ಮ, ಒಳಗಿರೋ ಔಷಧಿ ಒಂದೇ ಅಲ್ವಾ? ಕಡಿಮೆ ರೇಟಿಂದು ಕೊಡು." ಅವರ ಮಾತು ಸರಿ. ಆದರೆ ಚೀಟಿಯಲ್ಲಿ ಬರೆದದ್ದರ ಬದಲು ನಾವಾಗಿ ಇನ್ನೊಂದು ಕೊಡುವಂತಿಲ್ಲ, ನಿಯಮ 65(11ಎ) ಅದನ್ನು ತಡೆಯುತ್ತದೆ. ನನಗೆ ಈ ನಿಯಮದ ಮೇಲೆ ಪ್ರೀತಿ ಏನೂ ಇಲ್ಲ. ಬಡವರಿಗೆ ಇದರಿಂದ ಹೊರೆಯೇ. ಆದರೂ ದಾರಿ ಇರುವುದು ಒಂದೇ: ಡಾಕ್ಟರಿಗೆ ಫೋನ್ ಮಾಡಿ, ಅವರು ಒಪ್ಪಿದರೆ ಚೀಟಿ ಬದಲಾಯಿಸಿ ಬರೆಸಿಕೊಂಡು ಬನ್ನಿ ಅಂತ ಕಳಿಸಿ. ಜೆನೆರಿಕ್ ಹೆಸರಿನಲ್ಲೇ ಚೀಟಿ ಬರೆದಿದ್ದರೆ ಈ ತಾಪತ್ರಯವೇ ಇಲ್ಲ.

ಇನ್‌ಸ್ಪೆಕ್ಟರ್ ಬಂದಾಗ

ಹೆದರಿ ಶಟರ್ ಎಳೆಯಬೇಡಿ, ಅದೇ ಒಂದು ತಪ್ಪಾಗುತ್ತೆ. ನಮ್ಮಲ್ಲಿಗೆ ಬಂದವರು ಮೊದಲು ಗೋಡೆಯ ಫೋಟೊ ನೋಡಿ, ಆಮೇಲೆ ನನ್ನ ಮುಖ ನೋಡಿದರು. ಮುಂದಿನದು ಫ್ರಿಜ್. ಬಾಗಿಲು ತೆಗೆದು ಥರ್ಮಾಮೀಟರ್ ನೋಡಿದರು. ಇನ್ಸುಲಿನ್ ಪಕ್ಕ ಹಾಲಿನ ಪ್ಯಾಕೆಟ್ ಇದೆಯಾ ಅಂತಲೂ ನೋಡಿದರು. 2ರಿಂದ 8 ಡಿಗ್ರಿ ಒಳಗಿರಬೇಕು. ಅವಧಿ ಮೀರಿದ ಮಾಲಿಗೆ "ಮಾರಾಟಕ್ಕಲ್ಲ" ಅಂತ ಬರೆದ ಬೇರೆ ಪೆಟ್ಟಿಗೆ ಇರಬೇಕು.

ಆಮೇಲೆ ಒಂದು ಆಲ್ಪ್ರಜೋಲಾಮ್ ಬ್ರ್ಯಾಂಡ್ ಎತ್ತಿಕೊಂಡು ಲೆಕ್ಕ ಶುರು. ಖರೀದಿ ಬಿಲ್ ಪ್ರಕಾರ 20 ಸ್ಟ್ರಿಪ್ ಬಂದಿದೆ ಅನ್ನಿ. ಎಚ್1 ಪುಸ್ತಕದಲ್ಲಿ 11 ಹೋಗಿದೆ. ಕಪಾಟಿನಲ್ಲಿ 9 ಇರಬೇಕು. 6 ಇದ್ದರೆ ಉಳಿದ 3 ಎಲ್ಲಿ ಅನ್ನೋ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರಬೇಕು. ತಿಂಗಳಿಗೊಮ್ಮೆ ಈ ಲೆಕ್ಕವನ್ನು ನೀವೇ ಹಾಕಿ ನೋಡಿ. ಅವರು ಕಂಡದ್ದನ್ನು ಫಾರಂ 35ರ ಇನ್‌ಸ್ಪೆಕ್ಷನ್ ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕ ಅಂಗಡಿಯಲ್ಲೇ ಇರಬೇಕು.

ಸ್ಯಾಂಪಲ್ ತಗೊಂಡರೆ ಅದರ ಬೆಲೆ ಕೊಡುತ್ತಾರೆ, ಫಾರಂ 17ರಲ್ಲಿ ಬರೆದುಕೊಡುತ್ತಾರೆ, ಸೀಲ್ ಮಾಡಿದ ಒಂದು ಭಾಗ ನಿಮಗೂ ಬಿಡುತ್ತಾರೆ. ಅದನ್ನು ಜೋಪಾನವಾಗಿಡಿ. ವರದಿಯಲ್ಲಿ ಗುಣಮಟ್ಟ ಇಲ್ಲ ಅಂತ ಬಂದರೆ ನಿಮ್ಮನ್ನು ಕಾಪಾಡುವುದು ಖರೀದಿ ಬಿಲ್. ಲೈಸೆನ್ಸ್ ಇರುವ ಡೀಲರ್‌ನಿಂದ ಕೊಂಡಿದ್ದೀರಿ, ಸರಿಯಾಗಿ ಇಟ್ಟಿದ್ದೀರಿ, ದೋಷ ನಿಮಗೆ ಗೊತ್ತಿರಲಿಲ್ಲ ಅಂತ ತೋರಿಸಿದರೆ 1940ರ ಔಷಧ ಕಾಯ್ದೆಯ 19(3)ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಬಿಲ್ ಇಲ್ಲದೆ, ಬ್ಯಾಗಿನಲ್ಲಿ ತಂದು ಅರ್ಧ ರೇಟಿಗೆ ಕೊಡುವವನಿಂದ ಕೊಂಡಿದ್ದರೆ ಆ ರಕ್ಷಣೆ ಇಲ್ಲ. ಯಾರಿಂದ ಬಂತು ಅಂತ ಹೇಳದೆ ಇರುವುದೂ ಅಪರಾಧವೇ.

ಲೈಸೆನ್ಸ್ ಅಮಾನತು ಮಾಡುವ ಮುಂಚೆ ಕಾರಣ ಕೇಳಿ ನೋಟಿಸ್ ಕೊಡಬೇಕು. ಉತ್ತರ ಬರೆದೇ ಕೊಡಿ, ಫೋನಿನಲ್ಲಿ ಮುಗಿಸಬೇಡಿ. ಆದೇಶ ಬಂದರೆ ಮೂರು ತಿಂಗಳ ಒಳಗೆ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು.

ಕೊನೆಗೆ, ಎಲ್ಲರೂ ಮರೆಯುವ ಎರಡು ವಿಷಯ. ಫಾರ್ಮಸಿಸ್ಟ್ ಕೆಲಸ ಬಿಟ್ಟರೆ ಒಂದು ತಿಂಗಳ ಒಳಗೆ ಔಷಧ ನಿಯಂತ್ರಕರ ಕಚೇರಿಗೆ ತಿಳಿಸಬೇಕು. ಬಿಟ್ಟು ಹೋಗುವವರು ನೀವಾಗಿದ್ದರೆ ರಾಜೀನಾಮೆಯ ಒಂದು ಪ್ರತಿಯನ್ನು ನೀವೇ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ, ಮಾಲೀಕರು ಕೊಡ್ತಾರೆ ಅಂತ ಕಾಯಬೇಡಿ. ಹಾಗೇ ಪಾಲುದಾರ ಹೊಸದಾಗಿ ಸೇರಿದರೂ, ಬಿಟ್ಟರೂ ಹಳೆಯ ಲೈಸೆನ್ಸ್ ನಡೆಯುವುದು ಹೆಚ್ಚೆಂದರೆ ಮೂರು ತಿಂಗಳು. ಅಷ್ಟರಲ್ಲಿ ಹೊಸದು ಮಾಡಿಸಿಕೊಳ್ಳಬೇಕು. ಅಣ್ಣ ತಮ್ಮ ಬೇರೆ ಆದಾಗಲೂ ಇದೇ ನಿಯಮ.