ದ್ವೀಪದ ಹಿಂದಿದ್ದ ಹಡಗು

ಹಡಗಿನಲ್ಲಿ ನನ್ನದು ರಾತ್ರಿ 12ರಿಂದ 4ರವರೆಗಿನ ವಾಚ್, ಅಂದರೆ ಹಡಗು ನಡೆಸುವ ಪಾಳಿ. ಅವತ್ತು ಬಲಗಡೆ ಗುಡ್ಡದಂಥ ದ್ವೀಪ. ರೇಡಾರ್‌ನಲ್ಲಿ ಅದು ಬಿಟ್ಟರೆ ಆ ಕಡೆ ಏನೂ ಇರಲಿಲ್ಲ. ಆದರೆ ಎಐಎಸ್ (ಹಡಗುಗಳು ತಮ್ಮ ಗುರುತು, ಜಾಗವನ್ನು ರೇಡಿಯೋದಲ್ಲಿ ತಾವೇ ತಿಳಿಸುವ ವ್ಯವಸ್ಥೆ) ಪರದೆಯಲ್ಲಿ ದ್ವೀಪದ ಹಿಂದೆ ಪುಟ್ಟ ತ್ರಿಕೋನ ಮೂಡಿತು. ಒತ್ತಿ ನೋಡಿದೆ. ಹಡಗಿನ ಹೆಸರು ಬಂತು. ವೇಗ 14 ನಾಟ್, ಅಂದರೆ ಗಂಟೆಗೆ 14 ನಾಟಿಕಲ್ ಮೈಲಿ. ಇಬ್ಬರೂ ಹೀಗೇ ಹೋದರೆ 22 ನಿಮಿಷಕ್ಕೆ ನಮ್ಮ ನಡುವೆ ಉಳಿಯುವುದು ಬರೀ 0.2 ನಾಟಿಕಲ್ ಮೈಲಿ. ದೊಡ್ಡ ಹಡಗುಗಳಿಗೆ ಅದು ಏನೇನೂ ಸಾಲದು.

ರೇಡಾರ್‌ಗೆ ಗುಡ್ಡ ಅಡ್ಡ ಬಂದರೆ ಮುಗೀತು. ಎಐಎಸ್‌ನಲ್ಲಿ ಹಾಗಲ್ಲ, ಆ ಹಡಗೇ ತನ್ನ ವಿಷಯ ಹೇಳಿಕೊಳ್ಳುತ್ತದೆ. ಜಿಪಿಎಸ್‌ನಿಂದ ತಾನಿರುವ ಜಾಗ, ಗೈರೋ ದಿಕ್ಸೂಚಿಯಿಂದ ಮೂತಿಯ ದಿಕ್ಕು, ಎರಡನ್ನೂ ವಿಎಚ್‌ಎಫ್ ರೇಡಿಯೋದಲ್ಲಿ 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ ಕಳಿಸುತ್ತದೆ. ಆ ಅಲೆ ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿಯೂ ಬರುತ್ತದೆ. ಓಡುತ್ತಿರುವ ದೊಡ್ಡ ಹಡಗು 2ರಿಂದ 10 ಸೆಕೆಂಡಿಗೊಮ್ಮೆ ಹೀಗೆ ಹೇಳುತ್ತಲೇ ಇರುತ್ತದೆ. ಅದು ತಿರುಗಲು ಶುರು ಮಾಡಿದರೆ ಎಐಎಸ್‌ನಲ್ಲಿ ತಕ್ಷಣ ಗೊತ್ತಾಗುತ್ತದೆ. ರೇಡಾರ್ ಲೆಕ್ಕ ಹಾಕಿ ತೋರಿಸುವುದು ಸ್ವಲ್ಪ ತಡ.

ಚುಕ್ಕಾಣಿಯನ್ನು ಆಟೊಪೈಲಟ್‌ನಿಂದ ಬಿಡಿಸಿ ನಾವಿಕನ ಕೈಗೆ ಕೊಟ್ಟೆ. ಕ್ಯಾಪ್ಟನ್‌ಗೆ ಫೋನ್ ಮಾಡಿದೆ. 'ಸರ್, ಬಲಗಡೆ ದ್ವೀಪದ ಹಿಂದಿನಿಂದ ಒಂದು ಹಡಗು ಬರ್ತಿದೆ. ದಾರಿ ಬಿಡೋದು ನಾವೇ.' ಆದರೆ ಎಐಎಸ್ ಒಂದನ್ನೇ ನಂಬಿ ಹಡಗು ತಿರುಗಿಸಲಿಲ್ಲ. ಎಂಟು ನಿಮಿಷದ ಮೇಲೆ ರೇಡಾರ್‌ನಲ್ಲೂ ಚುಕ್ಕೆ ಬಂತು. ಬೈನಾಕ್ಯುಲರ್‌ನಲ್ಲಿ ಎರಡು ಬಿಳಿ ದೀಪ, ಕೆಳಗೆ ಕೆಂಪು, ಅಂದರೆ ನಮಗೆ ಕಾಣುತ್ತಿದ್ದದ್ದು ಅದರ ಎಡಬದಿ. ಬಲಕ್ಕೆ 35 ಡಿಗ್ರಿ ತಿರುಗಿಸಿ ಅದರ ಹಿಂದಿನಿಂದ ಹೋದೆವು, ಒಂದು ಮೈಲಿ ದೂರ ಬಿಟ್ಟು. ಹೆಸರು ಗೊತ್ತಿದೆ ಅಂತ ರೇಡಿಯೋದಲ್ಲಿ ಕರೆದು ಮಾತಾಡಲಿಲ್ಲ. ಯಾರು ದಾರಿ ಬಿಡಬೇಕು ಅಂತ ಹಡಗುಗಳ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮದಲ್ಲೇ ಇದೆ. ಆ ಹೊತ್ತಲ್ಲಿ ಮಾತು ಶುರುವಾದರೆ ನಿಮಿಷಗಳು ಸುಮ್ನೆ ಹೋಗುತ್ತವೆ. ತಪ್ಪು ತಿಳಿದುಕೊಂಡರಂತೂ ಅಪಾಯ ಇನ್ನೂ ಜಾಸ್ತಿ.

ಎಐಎಸ್ ಹೇಳಿದ್ದೆಲ್ಲ ನಿಜ ಅಂತ ನಾನು ನಂಬದಿರಲು ಕಾರಣ ಇದೆ. ಹಿಂದೊಮ್ಮೆ ಲಂಗರು ಎತ್ತಿದ ಮೇಲೆ ನಾನು ಎಐಎಸ್‌ನಲ್ಲಿ ಸ್ಥಿತಿ ಬದಲಿಸಿರಲಿಲ್ಲ. ನಾವು 12 ನಾಟ್ ವೇಗದಲ್ಲಿ ಓಡುತ್ತಿದ್ದರೂ 'ಲಂಗರು ಹಾಕಿ ನಿಂತಿದ್ದೇವೆ' ಅಂತ ಎಲ್ಲರಿಗೂ ಹೇಳುತ್ತಿದ್ದೆವು. ಎದುರಿನ ಹಡಗಿನವರು ರೇಡಿಯೋದಲ್ಲಿ ಕರೆದು ಕೇಳಿದಾಗಲೇ ನನಗೆ ಗೊತ್ತಾಗಿದ್ದು. ಜಾಗ, ವೇಗ ತಾನಾಗಿ ಹೋಗುತ್ತವೆ, ಆದರೆ ಇದನ್ನು ಮನುಷ್ಯರೇ ಬದಲಿಸಬೇಕು. ಈಗ ಲಂಗರು ಮೇಲೆ ಬಂತು ಅಂದ ಕೂಡಲೇ ಮೊದಲು ಅದನ್ನೇ ಬದಲಿಸುತ್ತೇನೆ.

ಇನ್ನು ಎಷ್ಟೋ ಸಣ್ಣ ಮೀನುಗಾರಿಕೆ ದೋಣಿಗಳಲ್ಲಿ ಎಐಎಸ್ ಇರುವುದೇ ಇಲ್ಲ. ಕಡ್ಡಾಯ ಇರುವುದು ಮುಖ್ಯವಾಗಿ ಅಂತರರಾಷ್ಟ್ರೀಯ ಯಾನದ 300 ಗ್ರಾಸ್ ಟನ್ನೇಜ್ (ಹಡಗಿನ ಗಾತ್ರದ ಅಳತೆ) ಮತ್ತು ಅದಕ್ಕೂ ಮೇಲಿನ ಹಡಗುಗಳಿಗೆ ಮತ್ತು ಪ್ರಯಾಣಿಕರ ಹಡಗುಗಳಿಗೆ. ಹಾಗಾಗಿ ವಾಚ್ ವಹಿಸಿಕೊಂಡಾಗ ನಮ್ಮ ಎಐಎಸ್ ತೋರಿಸುವ ದಿಕ್ಕನ್ನು ಗೈರೋ ಜೊತೆ ತಾಳೆ ನೋಡುತ್ತೇನೆ. ಆಮೇಲೆ ಹಡಗು ನಡೆಸುವ ಕೋಣೆಯಾದ ಬ್ರಿಜ್‌ನ ಹೊರಗೆ ನಿಂತು, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೂ ಸಮುದ್ರವನ್ನೇ ನೋಡುತ್ತೇನೆ.