ಮೊದಲ ವಾರ ಕೆದಕಬೇಡಿ, ತಿಂಗಳಾದ ಮೇಲೆ ಬಿಡಬೇಡಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿಯ ಪರಿಹಾರ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಮಕ್ಕಂದೂರು, ಮುಕ್ಕೋಡ್ಲು ಕಡೆಯ ಜನ ಉಟ್ಟ ಬಟ್ಟೆಯಲ್ಲೇ ಬಂದಿದ್ದರು. ನೋಡಲು ಬಂದವರೆಲ್ಲ ಅವರನ್ನು ಕೇಳುತ್ತಿದ್ದುದು ಒಂದೇ: "ಏನಾಯ್ತು ಹೇಳಿ." ನಾನು ಮಾತ್ರ ಅದನ್ನು ಕೇಳುತ್ತಿರಲಿಲ್ಲ.

ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಜೋರಾಗಿತ್ತು. ಡೀಬ್ರೀಫಿಂಗ್ ಅಂತಾರೆ. ಹಾಗೆ ಒಂದೇ ಸಲ ಹೇಳಿಸಿ ಬಿಟ್ಟರೆ ಪಿಟಿಎಸ್‌ಡಿ (ಆಘಾತದ ನಂತರ ತಿಂಗಳು ಕಳೆದರೂ ಬಿಡದ ಮಾನಸಿಕ ತೊಂದರೆ) ತಪ್ಪುವುದಿಲ್ಲ, ಕೆಲವರಿಗೆ ತೊಂದರೆ ಜಾಸ್ತಿಯೇ ಆಗಬಹುದು ಎಂದು ಅಧ್ಯಯನಗಳು ತೋರಿಸಿವೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ದಾರಿಯೇ ಬೇರೆ: ನೋಡಿ, ಕಿವಿಗೊಡಿ, ಬೇಕಾದ ನೆರವು ಸಿಗುವಂತೆ ಮಾಡಿ.

ಹಾಗಾಗಿ ಒಬ್ಬ ತಾಯಿಗೆ, ಬೇರೆ ಕೇಂದ್ರದಲ್ಲಿದ್ದ ಮಗನ ಜೊತೆ ಮಾತಾಡಲು ಫೋನ್ ಹಚ್ಚಿಕೊಟ್ಟೆ. ಬಿಪಿ ಮಾತ್ರೆ ಬಿಟ್ಟು ಬಂದವರನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಬಾಗಿಲ ಹತ್ತಿರವೇ ಮಲಗುತ್ತೇನೆ ಅಂದ ಅಜ್ಜನ ಚಾಪೆ ಅಲ್ಲಿಗೇ ಹಾಕಿಸಿದೆ. ಪಕ್ಕದಲ್ಲಿ ಕೂತು, "ಹೇಳ್ಬೇಕು ಅನ್ನಿಸಿದ್ರೆ ಹೇಳಿ ಅಕ್ಕಾ, ಇಲ್ಲಾಂದ್ರೆ ಸುಮ್ನೆ ಕೂತಿರೋಣ" ಅನ್ನುತ್ತಿದ್ದೆ. ನಿದ್ದೆ ಮಾತ್ರೆ ಕೊಡಿಸಿ ಎಂದು ಮನೆಯವರು ತುಂಬ ಕೇಳುತ್ತಿದ್ದರು. ಇಂಥ ಆಘಾತದ ಮೊದಲ ತಿಂಗಳು ಅಲ್ಪ್ರಜೋಲಾಂ ಜಾತಿಯ ಮಾತ್ರೆ ಬೇಡ ಎಂಬುದು 2013ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದನ್ನೇ ಬಿಡಿಸಿ ಹೇಳುತ್ತಿದ್ದೆ.

ಬೆಚ್ಚಿಬೀಳುವುದು, ಕೆಟ್ಟ ಕನಸು ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ತಿಂಗಳು ಕಳೆದರೂ ಇಳಿಯದವರನ್ನು ಬಿಡಬಾರದು. "ಮರೆತುಬಿಡಿ" ಅಂದರೆ ಮರೆಯೋಕಾಗುತ್ತಾ?

ಒಬ್ಬ ಅಕ್ಕ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಬಾಡಿಗೆ ಮನೆಯ ಶೀಟಿನ ಮೇಲೆ ಹನಿ ಬಿದ್ದರೆ ಸಾಕು, ಮಗುವನ್ನು ಎತ್ತಿಕೊಂಡು ಹೊರಗೆ ಓಡುತ್ತಿದ್ದರು. ಅವರ ಒಪ್ಪಿಗೆ ಪಡೆದು ವಾರಕ್ಕೊಮ್ಮೆ ಕೂತೆವು. ಡೀಬ್ರೀಫಿಂಗ್‌ನಂತೆ ಒಂದೇ ಸಲವಲ್ಲ, ವಾರವಾರವೂ ಅವರು ಆ ರಾತ್ರಿಯನ್ನು ಈಗ ನಡೆಯುತ್ತಿರುವಂತೆ, ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಭಯ ಎಷ್ಟಿದೆ ಎಂದು ಸೊನ್ನೆಯಿಂದ ನೂರರೊಳಗೆ ಅಂಕ ಕೊಡಬೇಕು. "ಅತ್ತೇನ ಬಿಟ್ಟು ಬಂದೆ" ಅನ್ನುವಲ್ಲಿ ಪ್ರತಿ ಸಲ ಮಾತು ನಿಂತುಹೋಗುತ್ತಿತ್ತು. ಅಲ್ಲೇ ನಿಧಾನ ಮಾಡಿದೆವು. ಹೇಳುತ್ತ ಹೇಳುತ್ತ ಒಂದು ದಿನ ಅವರಿಗೇ ನೆನಪಾಯಿತು: "ಮಗೂನ ಎತ್ಕೊಂಡು ಓಡು" ಎಂದು ಕೂಗಿದ್ದು ಅತ್ತೆಯೇ. ಅವತ್ತು ತುಂಬ ಅತ್ತರು. ಮುಂದಿನ ವಾರಗಳಲ್ಲಿ ಅಂಕ ಇಳಿಯಿತು.

ಆಮೇಲೆ ನಾನು ಅವರಿಗೆ ಮೊಬೈಲಿನಲ್ಲಿ ಮಳೆ ಸದ್ದು ಕೇಳಿಸಿದೆ, ಮೊದಲು ಸಣ್ಣಗೆ, ನಂತರ ಜೋರಾಗಿ. ಆದರೆ ಕೊಡಗಿನಲ್ಲಿ "ಮಳೆಗೆ ಹೆದರಬೇಡಿ" ಎಂದು ಹೇಳಿ ಕಳಿಸುವಂತಿಲ್ಲ, ಅಲ್ವಾ? ಯಾವ ಮಳೆ ಮಾಮೂಲಿ, ಯಾವಾಗ ಹೊರಡಲೇಬೇಕು ಎಂದು ಕೂತು ಬರೆದೆವು. ರೆಡ್ ಅಲರ್ಟ್ ಇದ್ದರೆ, ಬರೆಯಲ್ಲಿ (ಕಡಿದಾದ ಮಣ್ಣಿನ ದಿಬ್ಬದಲ್ಲಿ) ಹೊಸ ಬಿರುಕು ಕಂಡರೆ, ತೋಡಿನ ನೀರು ದಿಢೀರನೆ ಕೆಂಪಾದರೆ ಹೊರಡುವುದು. ಮಿಕ್ಕ ದಿನ ಮಲಗುವುದು.

ಈಗ ಇಂಥ ತೊಂದರೆ ಇರುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರ್ ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.