ಅಮೆರಿಕದ ಕಾಲೇಜಿನ ಏಡ್ ಲೆಟರ್: ಯಾವುದು ರಿಯಾಯಿತಿ, ಯಾವುದು ಸಾಲ ಅಂತ ಬಿಡಿಸಿ ನೋಡುವುದು ಹೇಗೆ

ಅಮೆರಿಕದಲ್ಲಿ ಕಾಲೇಜಿಗೆ ಎರಡು ಬೆಲೆ. ವೆಬ್‌ಸೈಟಿನಲ್ಲಿ ಹಾಕಿರುವುದು ಒಂದು, ನೀವು ನಿಜವಾಗಿ ಕಟ್ಟುವುದು ಇನ್ನೊಂದು. ಖಾಸಗಿ ಕಾಲೇಜುಗಳು ಮೊದಲ ವರ್ಷದ ಮಕ್ಕಳಿಗೆ ಟ್ಯೂಷನ್‌ನಲ್ಲಿ, ಅಂದರೆ ಪಾಠದ ಶುಲ್ಕದಲ್ಲಿ, ಸರಾಸರಿ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಡುತ್ತವೆ. ಹಾಗಾಗಿ ವರ್ಷಕ್ಕೆ 70,000 ಡಾಲರ್ ಅಂತ ನೋಡಿ ಅಲ್ಲೇ ಕೈಬಿಡುವುದೂ ಸರಿಯಲ್ಲ, ಸ್ಕಾಲರ್‌ಶಿಪ್ ಬಂತು ಅಂತ ಊರಿಗೆಲ್ಲ ಹೇಳಿಕೊಂಡು ಬರುವುದೂ ಸರಿಯಲ್ಲ. ನಿಮ್ಮ ಪಾಲಿಗೆ ಎಷ್ಟು ಬೀಳುತ್ತದೆ ಅನ್ನುವುದು ಅಡ್ಮಿಷನ್ ಜೊತೆಗೋ ಅದಾದ ಮೇಲೋ ಬರುವ ಏಡ್ ಲೆಟರ್‌ನಲ್ಲಿ, ಅಂದರೆ ಹಣಸಹಾಯದ ಪತ್ರದಲ್ಲಿ ಇರುತ್ತದೆ.

ತೊಂದರೆ ಇರುವುದೂ ಅಲ್ಲೇ. 2022ರಲ್ಲಿ ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್, ಅಂದರೆ ಅಲ್ಲಿನ ಸಂಸತ್ತಿನ ಪರವಾಗಿ ಲೆಕ್ಕ ನೋಡುವ ಕಚೇರಿ, ಈ ಪತ್ರಗಳನ್ನು ಪರಿಶೀಲಿಸಿತು. ಸುಮಾರು 91% ಕಾಲೇಜುಗಳು ನೆಟ್ ಪ್ರೈಸ್, ಅಂದರೆ ನೀವು ನಿಜವಾಗಿ ಹೊರಬೇಕಾದ ಬೆಲೆ, ಹೇಳುವುದೇ ಇಲ್ಲ, ಇಲ್ಲವೇ ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ ಅಂತ ಅದರ ಅಂದಾಜು. ಶಿಕ್ಷಣ ಇಲಾಖೆ ಒಂದು ಮಾದರಿ ಪತ್ರ ಮಾಡಿಟ್ಟಿದೆ, ಆದರೆ ಎಲ್ಲರೂ ಅದನ್ನೇ ಬಳಸಬೇಕು ಅನ್ನುವ ಕಟ್ಟುಪಾಡಿಲ್ಲ. ಹಾಗಾಗಿ ಆ ಲೆಕ್ಕ ನಾವೇ ಹಾಕಿಕೊಳ್ಳಬೇಕು. ಅಮೆರಿಕದಲ್ಲಿ ನೆಲೆಸಿ ಹೈಸ್ಕೂಲಿನ ಕೊನೆಯ ಎರಡು ವರ್ಷದಲ್ಲಿ ಮಕ್ಕಳಿರುವವರಿಗೆ ಇದು ಹೆಚ್ಚು ಉಪಯೋಗ.

ಅರ್ಜಿ ಹಾಕುವ ಮೊದಲು

ಮಗು ಹನ್ನೊಂದನೇ ಗ್ರೇಡಿನಲ್ಲಿ ಇರುವಾಗಲೇ ಒಂದು ಸಂಜೆ ಕೂತು ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಓಡಿಸಿ ನೋಡಿ. ಫೆಡರಲ್ ಏಡ್ (ಅಲ್ಲಿನ ಕೇಂದ್ರ ಸರ್ಕಾರದ ಹಣಸಹಾಯ) ಪಡೆಯುವ ಕಾಲೇಜುಗಳು ಇದನ್ನು ತಮ್ಮ ವೆಬ್‌ಸೈಟಿನಲ್ಲಿ ಇಡಲೇಬೇಕು ಅಂತ 2011ರಿಂದ ಕಾನೂನೇ ಇದೆ. ಹುಡುಕಿದರೆ ಮಾತ್ರ ಸಿಗುವ ಮೂಲೆಯಲ್ಲಿ ಇಟ್ಟಿರುತ್ತಾರೆ, ಅದು ಬೇರೆ ವಿಷಯ. ನಿಮ್ಮ ಆದಾಯ, ಉಳಿತಾಯ, ಮಗುವಿನ ಗ್ರೇಡು ಹಾಕಿದರೆ ಅಂದಾಜು ಮೊತ್ತ ಹೇಳುತ್ತದೆ. ಸ್ವಂತ ಬಿಸಿನೆಸ್ ಇರುವವರಿಗೆ, ಡೈವೋರ್ಸ್ ಆದವರಿಗೆ ಅದು ಅಷ್ಟು ಸರಿಯಾಗಿ ಹೇಳುವುದಿಲ್ಲ. ಸಂಬಳದವರಿಗೆ ಪರವಾಗಿಲ್ಲ.

ಇನ್ನೊಂದು ಫ್ಯಾಫ್ಸಾ, ಅಂದರೆ ಫೆಡರಲ್ ಏಡ್‌ಗೆ ಹಾಕುವ ಅರ್ಜಿ. "ನಮ್ಮ ಸಂಬಳಕ್ಕೆ ಏನೂ ಸಿಗಲ್ಲ ಬಿಡಿ" ಅಂತ ಅದನ್ನು ತುಂಬದೆ ಬಿಡುವವರು ನಮ್ಮವರಲ್ಲಿ ಬಹಳ. ಇದು ನನಗಂತೂ ಒಪ್ಪಿಗೆಯಿಲ್ಲ. ಮಗುವಿನ ಹೆಸರಿನ ಫೆಡರಲ್ ಸಾಲ ಬೇಕೆಂದರೂ ಫ್ಯಾಫ್ಸಾ ಬೇಕು, ಮತ್ತು ಮುಂದೆ ಕೆಲಸ ಹೋಗಿ ಏಡ್ ಮರುಪರಿಶೀಲಿಸಿ ಅಂತ ಕೇಳುವ ದಿನ ಬಂದರೆ ಮೊದಲು ನೋಡುವುದೂ ಇದನ್ನೇ.

ಈ ಅರ್ಜಿ ಈಗ ಹಳೆಯ ತರಹ ಇಲ್ಲ. ನೂರಕ್ಕೂ ಹೆಚ್ಚು ಪ್ರಶ್ನೆ ಇದ್ದದ್ದನ್ನು ಕಡಿತ ಮಾಡಿ, ತೆರಿಗೆ ವಿವರ ನೇರವಾಗಿ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದಲೇ ಬರುವ ಹಾಗೆ ಮಾಡಿದ್ದಾರೆ. ಸುಧಾರಣೆ ಒಳ್ಳೆಯದೇ, ಜಾರಿ ಮಾಡಿದ ರೀತಿ ಮಾತ್ರ ದೇವರಿಗೇ ಪ್ರೀತಿ. ಅಕ್ಟೋಬರ್‌ನಲ್ಲಿ ಬರಬೇಕಾದದ್ದು 2023ರ ಡಿಸೆಂಬರ್ 30ಕ್ಕೆ ಬಂತು, ಬೆಲೆ ಏರಿಕೆಯ ಲೆಕ್ಕದಲ್ಲಿ ತಪ್ಪು, ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಅಪ್ಪ ಅಮ್ಮಂದಿರಿಗೆ ಫಾರ್ಮೇ ಮುಂದೆ ಹೋಗದೆ ನಿಂತಿತ್ತು, ಕಾಲೇಜುಗಳ ಕೈಗೆ ವಿವರ ಸೇರುವ ಹೊತ್ತಿಗೆ ಮಾರ್ಚ್ ಬಂದಿತ್ತು. ಈಗ ಅದು ಸರಿದಾರಿಗೆ ಬಂದಿದೆ. ಆದರೆ 2025ರ ಮಾರ್ಚ್‌ನಲ್ಲಿ ಶಿಕ್ಷಣ ಇಲಾಖೆ ಸಿಬ್ಬಂದಿಯನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುವ ಹೆಜ್ಜೆ ಇಟ್ಟಿತು. ಸಹಾಯಕ್ಕೆ ಫೋನ್ ಮಾಡಬೇಕಾಗಬಹುದು ಅಂತ ಅನ್ನಿಸಿದರೆ ಕೊನೆಯ ವಾರದವರೆಗೆ ಕಾಯಬೇಡಿ.

ತುಂಬುವಾಗ ಎಡವುವ ಜಾಗಗಳು ಇವು. ಅಪ್ಪ ಅಮ್ಮ ಎಚ್-1ಬಿ ವೀಸಾದಲ್ಲಿದ್ದರೂ ಮಗು ಅಮೆರಿಕನ್ ನಾಗರಿಕ ಆಗಿದ್ದರೆ ಅರ್ಜಿ ಹಾಕಬಹುದು. ನಿಮ್ಮ ವೀಸಾ ಅಡ್ಡ ಬರುವುದಿಲ್ಲ. ಮಗುವೇ ಎಚ್-4ನಲ್ಲಿ, ಅಂದರೆ ನಿಮ್ಮನ್ನು ಅವಲಂಬಿಸಿದ ವೀಸಾದಲ್ಲಿ ಇದ್ದರೆ ಫೆಡರಲ್ ಏಡ್ ಇಲ್ಲ. ಗಂಡ ಹೆಂಡತಿ ಟ್ಯಾಕ್ಸ್ ಒಟ್ಟಿಗೆ ಫೈಲ್ ಮಾಡಿದ್ದರೆ ಒಬ್ಬರು ತುಂಬಿದರೆ ಸಾಕು. ಐಆರ್‌ಎಸ್ ವಿವರ ತರಿಸಿಕೊಳ್ಳಲು ಒಪ್ಪಿಗೆ ಕೇಳುವ ಪುಟದಲ್ಲಿ ಬೇಡ ಅಂತ ಒತ್ತಿದರೆ ಅಲ್ಲಿಗೆ ಮುಗಿಯಿತು, ಫೆಡರಲ್ ಏಡ್ ಒಂದು ಪೈಸೆಯೂ ಇಲ್ಲ. ನೀವು ವಾಸ ಇರುವ ಮನೆ ಮತ್ತು 401ಕೆ ನಿವೃತ್ತಿ ಖಾತೆ ಲೆಕ್ಕಕ್ಕೆ ಬರುವುದಿಲ್ಲ. ಭಾರತದಲ್ಲಿರುವ ಸೈಟು, ಬಾಡಿಗೆಗೆ ಕೊಟ್ಟಿರುವ ಫ್ಲಾಟು ಬರುತ್ತವೆ. ಡಾಲರ್‌ಗೆ ಪರಿವರ್ತಿಸಿ ತೋರಿಸಬೇಕು, ಅದರ ಮೇಲೆ ಸಾಲ ಇದ್ದರೆ ಕಳೆದು. ಸುಮ್ನೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ, ಸಹಿ ನಿಮ್ಮದು. ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಮನೆಯವರು ಕೊಡಬಲ್ಲ ಮೊತ್ತದ ಲೆಕ್ಕ ಇಬ್ಬರಿಗೂ ಹಂಚಿ ಹೋಗುತ್ತಿತ್ತು. ಹೊಸ ಸೂತ್ರದಲ್ಲಿ ಅದನ್ನು ತೆಗೆದುಹಾಕಿದ್ದಾರೆ, ಅವಳಿ ಮಕ್ಕಳಿರುವ ಮನೆಗಳಿಗೆ ದೊಡ್ಡ ಹೊಡೆತ.

ಎಫ್-1 ವೀಸಾದಲ್ಲಿ ಓದಲು ಬರುವವರಿಗೆ ಇದು ಯಾವುದೂ ಅನ್ವಯಿಸುವುದಿಲ್ಲ, ಕಾಲೇಜು ತಾನಾಗಿ ಕೊಟ್ಟರೆ ಉಂಟು. ಆದರೆ ಪತ್ರ ಓದುವ ಕ್ರಮ ಅವರಿಗೂ ಒಂದೇ.

ಪತ್ರವನ್ನು ಬಿಡಿಸುವುದು

ಒಂದು ಪತ್ರ ಹೀಗಿದೆ ಅಂತ ಇಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ ಅಷ್ಟೇ, ಆದರೆ ಇಂಥ ಪತ್ರ ಅಪರೂಪವೇನಲ್ಲ. ಮೇಲೆ ಟ್ಯೂಷನ್ ಮತ್ತು ಫೀಸು 52,000, ಹಾಸ್ಟೆಲ್ ಮತ್ತು ಊಟ 16,000, ಒಟ್ಟು 68,000 ಡಾಲರ್. ಕೆಳಗೆ 'ನಿಮಗೆ ಸಿಕ್ಕಿದ್ದು' ಅಂತ ದಪ್ಪ ಅಕ್ಷರದಲ್ಲಿ: ಮೆರಿಟ್ ಸ್ಕಾಲರ್‌ಶಿಪ್ 24,000, ಕಾಲೇಜಿನ ಗ್ರ್ಯಾಂಟ್ 6,000, ಡೈರೆಕ್ಟ್ ಸಬ್ಸಿಡೈಸ್ಡ್ 3,500, ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ 2,000, ವರ್ಕ್-ಸ್ಟಡಿ 2,500, ಪೇರೆಂಟ್ ಪ್ಲಸ್ 30,000. ಕೂಡಿಸಿ ನೋಡಿ, ಸರಿಯಾಗಿ 68,000. ಕೊನೆಯ ಸಾಲಿನಲ್ಲಿ 'ನಿಮ್ಮ ಬಾಕಿ 0'. ಓದಿದವರಿಗೆ ಕಾಲೇಜು ಪುಕ್ಕಟೆ ಅಂತ ಅನ್ನಿಸದೆ ಇರುತ್ತದೆಯೇ!

ಈಗ ಪೆನ್ನು ತೆಗೆದುಕೊಳ್ಳಿ. ತಿರುಗಿ ಕೊಡಬೇಕಾಗಿಲ್ಲದ ಹಣ ಯಾವುದೋ ಅದಕ್ಕೆ ಮಾತ್ರ ಸುತ್ತು ಹಾಕಿ. ಮೆರಿಟ್ ಸ್ಕಾಲರ್‌ಶಿಪ್, ಗ್ರ್ಯಾಂಟ್ ಅಷ್ಟೇ. ಆದಾಯ ಕಡಿಮೆ ಇರುವವರಿಗೆ ಪೆಲ್ ಗ್ರ್ಯಾಂಟ್ ಬಂದಿದ್ದರೆ (2025-26ರಲ್ಲಿ ಗರಿಷ್ಠ 7,395 ಡಾಲರ್) ಅದಕ್ಕೂ ಸುತ್ತು ಹಾಕಿ. ನಮ್ಮ ಪತ್ರದಲ್ಲಿ ಸುತ್ತು ಬಿದ್ದಿದ್ದು 30,000ಕ್ಕೆ. ಮಿಕ್ಕಿದ್ದರ ಮೇಲೆ ಗೀಟು ಎಳೆಯಿರಿ.

'ಡೈರೆಕ್ಟ್' ಅಂತ ಶುರುವಾಗುವುದೆಲ್ಲ ಸಾಲ, ಕೆಲವು ಪತ್ರಗಳಲ್ಲಿ ಲೋನ್ ಅನ್ನುವ ಮಾತೇ ಇರುವುದಿಲ್ಲ. ಸಬ್ಸಿಡೈಸ್ಡ್ ಆದರೆ ಓದು ಮುಗಿಯುವವರೆಗೆ ಬಡ್ಡಿ ಸರ್ಕಾರದ್ದು, ಅನ್‌ಸಬ್ಸಿಡೈಸ್ಡ್ ಆದರೆ ಹಣ ಕೈಗೆ ಬಂದ ದಿನದಿಂದಲೇ ಮೀಟರ್ ಓಡುತ್ತದೆ. ವರ್ಕ್-ಸ್ಟಡಿ ಅಂದರೆ ಲೈಬ್ರರಿಯಲ್ಲೋ ಆಫೀಸಿನಲ್ಲೋ ಕೆಲಸ ಮಾಡಿದರೆ ಬರುವ ಸಂಬಳ. ಕೆಲಸ ಸಿಗದಿದ್ದರೆ ಅದೂ ಇಲ್ಲ, ಸಿಕ್ಕರೂ ಸೆಮಿಸ್ಟರ್ ಶುರುವಿನ ಬಿಲ್ಲಿಗೆ ಅದು ಒದಗುವುದಿಲ್ಲ.

ಪತ್ರ ಹೇಳದೇ ಬಿಟ್ಟ ಖರ್ಚನ್ನೂ ಸೇರಿಸಬೇಕು: ಪುಸ್ತಕ, ಓಡಾಟ, ಕೈ ಖರ್ಚು, ಹೆಲ್ತ್ ಇನ್ಶೂರೆನ್ಸ್. ನಿಮ್ಮ ಪ್ಲಾನ್‌ನಲ್ಲೇ ಮಗು ಇದ್ದರೆ ಕಾಲೇಜಿನ ಇನ್ಶೂರೆನ್ಸ್ ಬೇಡ ಅಂತ ಅರ್ಜಿ ಕೊಡಬಹುದು. ಕೊಡದಿದ್ದರೆ ಬಹಳ ಕಡೆ ತಾನಾಗಿ ಬಿಲ್ಲಿಗೆ ಸೇರಿಬಿಡುತ್ತದೆ. ಇವೆಲ್ಲಕ್ಕೆ 5,000 ಅಂತ ಇಟ್ಟರೆ ಒಟ್ಟು 73,000. ಅದರಲ್ಲಿ 30,000 ಕಳೆದರೆ 43,000. ಒಂದು ವರ್ಷಕ್ಕೆ ನಿಮ್ಮ ನಿಜವಾದ ಬೆಲೆ ಇದು, ಸೊನ್ನೆ ಅಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ನಾಲ್ಕು ವರ್ಷದ ಲೆಕ್ಕ ಹಾಕಿ. ಖರ್ಚು ವರ್ಷಕ್ಕೆ 4% ಏರುತ್ತದೆ, ಸ್ಕಾಲರ್‌ಶಿಪ್ ಅಷ್ಟೇ ಇರುತ್ತದೆ ಅಂತ ಹಿಡಿದರೆ 43,000ದ ನಾಲ್ಕು ಪಟ್ಟು 1,72,000 ಆಗುವುದಿಲ್ಲ, ಹೆಚ್ಚುಕಡಿಮೆ 1,90,000 ಆಗುತ್ತದೆ. ಇನ್ನು ಆ ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಬರುತ್ತದಾ, ಎಷ್ಟು ಜಿಪಿಎ ಉಳಿಸಿಕೊಳ್ಳಬೇಕು, ಒಂದು ಸೆಮಿಸ್ಟರ್ ಕೆಳಗೆ ಹೋದರೆ ಕಿತ್ತುಕೊಳ್ಳುತ್ತಾರಾ ಇಲ್ಲ ಇನ್ನೊಂದು ಅವಕಾಶ ಇದೆಯಾ, ಮೊದಲ ವರ್ಷಕ್ಕೆ ಮಾತ್ರ ಜಾಸ್ತಿ ಕೊಟ್ಟಿದ್ದಾರಾ ಅಂತ ಈಮೇಲ್‌ನಲ್ಲಿ ಕೇಳಿ, ಉತ್ತರವೂ ಈಮೇಲ್‌ನಲ್ಲೇ ಬರಲಿ. ಹೊರಗಿನ ಸಂಘ ಸಂಸ್ಥೆಯಿಂದ ಸ್ಕಾಲರ್‌ಶಿಪ್ ಬಂದರೆ ತಮ್ಮ ಗ್ರ್ಯಾಂಟಿನಲ್ಲಿ ಅಷ್ಟನ್ನು ಕಡಿಮೆ ಮಾಡುತ್ತಾರಾ ಅನ್ನುವುದನ್ನೂ ಕೇಳಿ. ಮಗು ಕಷ್ಟಪಟ್ಟು ತಂದದ್ದು ಕಾಲೇಜಿನ ಹುಂಡಿಗೆ ಹೋಗುವ ಈ ಪದ್ಧತಿಗೆ 2017ರಲ್ಲಿ ಮೊದಲು ಕಡಿವಾಣ ಹಾಕಿದ್ದು ಮೇರಿಲ್ಯಾಂಡ್ ರಾಜ್ಯ, ಸರ್ಕಾರಿ ಕಾಲೇಜುಗಳ ಮಟ್ಟಿಗೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಆಮೇಲೆ ಸೇರಿದವು. ಮಿಕ್ಕ ಕಡೆ ಕಾಲೇಜಿನ ಇಷ್ಟ.

ಸಾಲದ ಹೊಸ ನಿಯಮ

ಮೇಲಿನ ಪತ್ರದ ಪೇರೆಂಟ್ ಪ್ಲಸ್ ಸಾಲಿನ ಬಗ್ಗೆ ಬೇರೆಯಾಗಿ ಹೇಳಬೇಕು. ಅದು ಮಗುವಿನ ಸಾಲ ಅಲ್ಲ, ನಿಮ್ಮ ಸಾಲ. 2025-26ರಲ್ಲಿ ಬಡ್ಡಿ 8.94%, ಅದರ ಮೇಲೆ 4.228% ಶುಲ್ಕ ಮೊದಲೇ ಮುರಿದುಕೊಳ್ಳುತ್ತಾರೆ. ಕಾಲೇಜು ಹೇಳಿದಷ್ಟು ಖರ್ಚಿಗೂ ಇದನ್ನು ಎತ್ತಬಹುದಾಗಿತ್ತು, ಹೀಗಾಗಿ ನಿವೃತ್ತಿ ವಯಸ್ಸಿನಲ್ಲೂ ಕಂತು ಕಟ್ಟುತ್ತಿರುವ ಅಪ್ಪ ಅಮ್ಮಂದಿರು ಇದ್ದಾರೆ.

2025ರ ಜುಲೈ 4ರಂದು ಸಹಿ ಬಿದ್ದ ದೊಡ್ಡ ಕಾನೂನು ಇದಕ್ಕೆ ಮಿತಿ ಹಾಕಿತು. 2026ರ ಜುಲೈ 1ರಿಂದ ಹೊಸದಾಗಿ ತೆಗೆಯುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಾತ್ರ. ಅಂದರೆ ಪತ್ರದಲ್ಲಿದ್ದ 30,000 ಸಿಗುವುದೇ ಇಲ್ಲ. 65,000ವನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 16,250. ಮಗುವಿನ ಹೆಸರಿನಲ್ಲಿ ಮೊದಲ ವರ್ಷ ಸಿಗುವುದು 5,500. ಎರಡೂ ಸೇರಿದ ಮೇಲೂ 43,000ಕ್ಕೆ 21,250 ಕಡಿಮೆ ಬೀಳುತ್ತದೆ. ಆ ಹಣ ಸಂಬಳದಿಂದ, ಉಳಿತಾಯದಿಂದ ಬರಬೇಕು, ಇಲ್ಲವೇ ಬ್ಯಾಂಕಿನ ಖಾಸಗಿ ಸಾಲ, ಅದಕ್ಕೆ ನಿಮ್ಮ ಜಾಮೀನು. ನನ್ನ ಅಭಿಪ್ರಾಯ ಕೇಳಿದರೆ, ಖಾಸಗಿ ಸಾಲ ಇಲ್ಲದೆ ಆ ಕಾಲೇಜು ಆಗುವುದೇ ಇಲ್ಲ ಅಂದರೆ ಆ ಕಾಲೇಜು ಬೇಡ, ರಾಜ್ಯದ ಯೂನಿವರ್ಸಿಟಿ ನೋಡಿ. ಇನ್ನೊಂದು: ಪೇರೆಂಟ್ ಪ್ಲಸ್ ಸಿಗುವುದು ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ. ಎಚ್-1ಬಿಯಲ್ಲಿರುವ ಅಪ್ಪ ಅಮ್ಮಂದಿರಿಗೆ ಆ ಸಾಲ ಸಿಗುವುದೇ ಇಲ್ಲ.

ಮಗು ಮುಂದೆ ಮೆಡಿಕಲ್ ಅಥವಾ ಮಾಸ್ಟರ್ಸ್ ಅಂತ ಕನಸಿಟ್ಟುಕೊಂಡಿದ್ದರೆ ಈಗಲೇ ಇದನ್ನೂ ಗಮನಿಸಿ. ಅದೇ ಕಾನೂನು ಡಿಗ್ರಿ ಆದ ಮೇಲಿನ ಓದಿಗೆ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲವನ್ನು ಹೊಸಬರಿಗೆ ನಿಲ್ಲಿಸಿದೆ. ಮಾಸ್ಟರ್ಸ್, ಪಿಎಚ್‌ಡಿಗೆ ಫೆಡರಲ್ ಸಾಲ ವರ್ಷಕ್ಕೆ 20,500, ಒಟ್ಟು 1 ಲಕ್ಷ ಡಾಲರ್. ಮೆಡಿಕಲ್, ಲಾ ತರಹದ ಓದಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ. ಡಿಗ್ರಿಯಲ್ಲೇ ಮನೆಯ ಉಳಿತಾಯವೆಲ್ಲ ಖಾಲಿ ಮಾಡಿಕೊಂಡರೆ ಆಮೇಲೆ ಕಷ್ಟ.

ಜಾಸ್ತಿ ಕೊಡಿ ಅಂತ ಕೇಳುವುದು

ನಮಗೆ ಕೇಳುವುದಕ್ಕೆ ಸಂಕೋಚ, ಅಲ್ವಾ? ಬೇಡ. ಅಮೆರಿಕದಲ್ಲಿ ಹೈಸ್ಕೂಲು ಮುಗಿಸುವವರ ಸಂಖ್ಯೆ 2025ರ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ ಅಂತ ಬಹಳ ಹಿಂದೆಯೇ ಲೆಕ್ಕ ಹಾಕಿದ್ದರು. 2008ರ ಆರ್ಥಿಕ ಕುಸಿತದ ನಂತರ ಅಲ್ಲಿ ಮಕ್ಕಳು ಹುಟ್ಟುವುದೇ ಕಡಿಮೆಯಾಯಿತು. ಹಾರ್ವರ್ಡ್, ಎಂಐಟಿಯಂಥವುಗಳಿಗೆ ಇದರಿಂದ ಏನೂ ಆಗುವುದಿಲ್ಲ, ಆದರೆ ಮಧ್ಯಮ ದರ್ಜೆಯ ಖಾಸಗಿ ಕಾಲೇಜುಗಳಿಗೆ ಸೀಟು ತುಂಬಿಸುವ ಚಿಂತೆ ನಿಮ್ಮ ಚಿಂತೆಗಿಂತ ದೊಡ್ಡದು.

ಕೇಳುವುದರಲ್ಲಿ ಎರಡು ಬಗೆ. ಕೆಲಸ ಹೋಗಿದೆ, ಆಸ್ಪತ್ರೆ ಖರ್ಚು ಬಂದಿದೆ, ಫ್ಯಾಫ್ಸಾದಲ್ಲಿರುವ ಎರಡು ವರ್ಷ ಹಿಂದಿನ ಆದಾಯ ಈಗ ಇಲ್ಲ ಅಂತಾದರೆ ಅದಕ್ಕೆ ಪ್ರೊಫೆಷನಲ್ ಜಡ್ಜ್‌ಮೆಂಟ್ ಅಂತಾರೆ. ಏಡ್ ಆಫೀಸಿಗೆ ಆ ಅಧಿಕಾರ ಕಾನೂನೇ ಕೊಟ್ಟಿದೆ, ಇಂಥ ಅರ್ಜಿಗಳನ್ನು ನಾವು ನೋಡುವುದೇ ಇಲ್ಲ ಅಂತ ಸಾರಾಸಗಟಾಗಿ ಹೇಳುವ ಹಾಗಿಲ್ಲ. ಲೇಆಫ್ ಪತ್ರ, ಕೊನೆಯ ಪೇಸ್ಲಿಪ್, ಆಸ್ಪತ್ರೆ ಬಿಲ್ಲು ಜೊತೆಗಿಡಿ. ಇನ್ನೊಂದು ಬಗೆ, ಅದೇ ದರ್ಜೆಯ ಬೇರೆ ಕಾಲೇಜು ಜಾಸ್ತಿ ಕೊಟ್ಟಿದೆ ಅಂತ ಅದರ ಪತ್ರ ಲಗತ್ತಿಸಿ ಕೇಳುವುದು. ಚೌಕಾಸಿಯ ಧ್ವನಿ ಬೇಡ. "ನಮ್ಮ ಮಗಳಿಗೆ ನಿಮ್ಮಲ್ಲೇ ಓದುವ ಆಸೆ. ಎರಡೂ ಕಡೆಯ ವ್ಯತ್ಯಾಸ 8,000 ಡಾಲರ್ ಇದೆ. ಮರುಪರಿಶೀಲಿಸಲು ಸಾಧ್ಯವೇ?" ಅಷ್ಟೇ ಸಾಕು. ಆದರೆ ಮೆರಿಟ್ ಸ್ಕಾಲರ್‌ಶಿಪ್ ಕೊಡದ ಕಾಲೇಜುಗಳಲ್ಲಿ ಇದು ಸಾಮಾನ್ಯವಾಗಿ ನಡೆಯುವುದಿಲ್ಲ. ಕೇಳಿದ್ದಕ್ಕೆ ಕೊಟ್ಟ ಸೀಟು ವಾಪಸು ಪಡೆಯುತ್ತಾರೆ ಅನ್ನುವ ಭಯ ಮಾತ್ರ ಬೇಡ.

ಸೀಟು ತುಂಬಿಸುವ ಅವಸರಕ್ಕೆ ಇನ್ನೊಂದು ಮುಖವೂ ಇದೆ. ಅಗತ್ಯಕ್ಕಿಂತ ಜಾಸ್ತಿ ಉದಾರವಾಗಿ ಕೊಡುವ ಸಣ್ಣ ಕಾಲೇಜು ನಾಲ್ಕು ವರ್ಷ ಬಾಗಿಲು ತೆರೆದಿರುತ್ತದಾ ಅಂತಲೂ ನೋಡಿ. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ತಾನು ಮುಚ್ಚುವ ಸುದ್ದಿಯನ್ನು 2024ರ ಮೇ 31ರಂದು ಹೇಳಿತು, ಜೂನ್ 7ಕ್ಕೆ ಮುಚ್ಚಿತು. ಒಂದೇ ವಾರ! ಶಿಕ್ಷಣ ಇಲಾಖೆ ಖಾಸಗಿ ಕಾಲೇಜುಗಳ ಹಣಕಾಸಿಗೆ ಮೈನಸ್ 1ರಿಂದ 3ರವರೆಗೆ ಅಂಕ ಕೊಟ್ಟು ಪ್ರಕಟಿಸುತ್ತದೆ. 1.5ಕ್ಕಿಂತ ಕೆಳಗಿದ್ದರೆ ಏಡ್ ಆಫೀಸಿಗೆ ಫೋನ್ ಮಾಡಿ ನೇರವಾಗಿ ಕೇಳಿ. ಅಂಕ ಒಂದೆರಡು ವರ್ಷ ಹಳೆಯದಿರುತ್ತದೆ, ಹಾಗಾಗಿ ಸರ್ಕಾರದ ಕಾಲೇಜ್ ನ್ಯಾವಿಗೇಟರ್ ವೆಬ್‌ಸೈಟಿನಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿದೆಯಾ ಅಂತಲೂ ನೋಡಿ. ಸರ್ಕಾರದ್ದೇ ಇನ್ನೊಂದು ವೆಬ್‌ಸೈಟ್ ಕಾಲೇಜ್ ಸ್ಕೋರ್‌ಕಾರ್ಡ್‌ನಲ್ಲಿ ಮಗು ಆರಿಸಿದ ಕೋರ್ಸಿನವರ ಸಂಬಳ ಸಿಗುತ್ತದೆ. ಹೊಸ ಕಾನೂನಿನ ಪ್ರಕಾರ, ಬರೀ ಹೈಸ್ಕೂಲು ಮುಗಿಸಿದವರಿಗಿಂತ ಕಡಿಮೆ ದುಡಿಯುವವರನ್ನೇ ವರ್ಷ ವರ್ಷ ಹೊರಗೆ ಕಳಿಸುವ ಡಿಗ್ರಿ ಕೋರ್ಸಿಗೆ ಫೆಡರಲ್ ಸಾಲ ನಿಲ್ಲುತ್ತದೆ, ಆದ್ದರಿಂದ ಆ ಅಂಕಿ ಈಗ ಮೊದಲಿಗಿಂತ ಮುಖ್ಯ.

ಹೆಚ್ಚಿನ ಕಾಲೇಜುಗಳಿಗೆ ಮೇ 1 ಕೊನೆಯ ದಿನ. ಮನವಿಗೆ ಉತ್ತರ ಬರುವುದು ತಡವಾದರೆ ಡೆಪಾಸಿಟ್‌ಗೆ ಇನ್ನೊಂದು ವಾರ ಸಮಯ ಕೇಳಿ, ಕೊಡುವವರೂ ಇದ್ದಾರೆ. ಪೋರ್ಟಲ್‌ನಲ್ಲಿ 'ಎಲ್ಲವನ್ನೂ ಒಪ್ಪಿದೆ' ಅನ್ನುವ ಒಂದೇ ಬಟನ್ ಇದ್ದರೆ ಅದನ್ನು ಒತ್ತದೆ, ಸಾಲದ ಸಾಲುಗಳನ್ನು ಒಂದೊಂದಾಗಿ ತೆರೆದು ಬೇಕಾದಷ್ಟೇ ಮೊತ್ತ ತುಂಬಿ. ಪತ್ರದ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ, ಎರಡನೇ ವರ್ಷದ ಪತ್ರ ಬಂದಾಗ ಪಕ್ಕದಲ್ಲಿಟ್ಟು ನೋಡುವುದಕ್ಕೆ ಬೇಕು.